ವಿಚರ್ 3 ಮೇಲೋ, ಎಲ್ಡನ್ ರಿಂಗ್ ಮೇಲೋ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ತಮ್ಮ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಎಂಜಿನಿಯರಿಂಗ್ ಓದುತ್ತಾನೆ. ಇಬ್ಬರಿಗೂ ಸೇರಿ ಇರುವುದು ಒಂದೇ ಲ್ಯಾಪ್‌ಟಾಪ್: ಜಿಟಿಎಕ್ಸ್ 1650 ಕಾರ್ಡ್, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ. ಒಂದು ದೊಡ್ಡ ಗೇಮ್ ಕೊಳ್ಳಲು ದುಡ್ಡು ಕೂಡಿಸಿದ್ದೇವೆ. ನನಗೆ ವಿಚರ್ 3 ಬೇಕು. ಅವನು ಎಲ್ಡನ್ ರಿಂಗ್ ಬಿಟ್ಟು ಬೇರೆ ಮಾತೇ ಆಡಲ್ಲ. 'ವಿಚರ್ ಬರೀ ಸಿನಿಮಾ, ಎಲ್ಡನ್ ರಿಂಗ್ ಆಟ' ಅಂತಾನೆ. ನಿಜವಾಗಿ ಯಾವುದು ಮೇಲು? ನಾವು ಯಾವುದನ್ನು ಕೊಳ್ಳಬೇಕು?

ಉತ್ತರ: ಇಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ಉತ್ತರ ಬೇರೆ ಬೇರೆ. ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳುವುದಾದರೆ, ಆಟವಾಗಿ ಎಲ್ಡನ್ ರಿಂಗೇ ಮೇಲು. ಅಷ್ಟರ ಮಟ್ಟಿಗೆ ನಿಮ್ಮ ತಮ್ಮ ಗೆದ್ದ. ಆದರೆ ನಿಮ್ಮ ಲ್ಯಾಪ್‌ಟಾಪ್ ಈಗ ಇರುವ ಸ್ಥಿತಿಯಲ್ಲಿ ಕೊಳ್ಳಬೇಕಾದ್ದು ವಿಚರ್ 3. ಅಲ್ಲಿ ನೀವು ಗೆದ್ದಿರಿ. 'ಬರೀ ಸಿನಿಮಾ' ಎಂಬ ಮಾತು ಮಾತ್ರ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರಶಸ್ತಿ ತೋರಿಸಿ ವಾದ ಮಾಡಿ ಪ್ರಯೋಜನವಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ; ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಅದೇ. ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನ ಎಲ್ಡನ್ ರಿಂಗ್ ಬಂದದ್ದು 2022ರ ಫೆಬ್ರವರಿಯಲ್ಲಿ. ಅದಕ್ಕೂ ಆ ವರ್ಷ ಅದೇ ಪ್ರಶಸ್ತಿ. ನೋಡಬೇಕಾದ್ದು, ಗಂಟೆಗಟ್ಟಲೆ ಕೂತಾಗ ನಿಮ್ಮ ಕೈ ಏನು ಮಾಡುತ್ತದೆ, ತಲೆ ಏನು ಮಾಡುತ್ತದೆ ಎಂಬುದನ್ನು.

ಮೊದಲು ಕೈಯ ಕೆಲಸ, ಅಂದರೆ ಕಾಳಗ. ವಿಚರ್ 3ರ ಬಲಹೀನ ಜಾಗವೇ ಇದು. ನೀವು ಆಡಿಸುವ ನಾಯಕ ಗೆರಾಲ್ಟ್ ಒಬ್ಬ ವಿಚರ್, ಅಂದರೆ ದುಡ್ಡಿಗೆ ವಿಕಾರ ಜೀವಿಗಳನ್ನು ಬೇಟೆಯಾಡುವವನು. ಅವನ ಬಳಿ ಎರಡು ಕತ್ತಿ: ಮನುಷ್ಯರಿಗೂ ಪ್ರಾಣಿಗಳಿಗೂ ಉಕ್ಕಿನದು, ಭೂತಪ್ರೇತ ಮತ್ತು ವಿಕಾರ ಜೀವಿಗಳಿಗೆ ಬೆಳ್ಳಿಯದು. ಐದು ಮಂತ್ರಮುದ್ರೆಗಳಿವೆ: ತಳ್ಳುವ ಆರ್ಡ್, ಸುಡುವ ಇಗ್ನಿ, ನೆಲದಲ್ಲಿ ಬಲೆ ಹಾಸುವ ಯರ್ಡೆನ್, ಮೈಗೆ ಕವಚವಾಗುವ ಕ್ವೆನ್, ಮನಸ್ಸು ಹಿಡಿಯುವ ಆಕ್ಸಿ. ಇದರ ಮೇಲೆ ಕತ್ತಿಗೆ ಹಚ್ಚುವ ಎಣ್ಣೆ, ಕುಡಿಯುವ ಕಷಾಯ, ಎಸೆಯುವ ಬಾಂಬು. ಹೇಳುವಾಗ ಬಹಳ ಸೊಗಸು. ಆದರೆ ಸುಲಭದ ಎರಡು ಹಂತಗಳಲ್ಲಿ ಆಡಿದರೆ ಇದ್ಯಾವುದೂ ಬೇಕಾಗುವುದಿಲ್ಲ. ಕ್ವೆನ್ ಹಾಕು, ನಾಲ್ಕು ಏಟು ಕೊಡು, ಪಕ್ಕಕ್ಕೆ ಸರಿ, ಮತ್ತೆ ಕ್ವೆನ್ ಹಾಕು. ಇಡೀ ಗೇಮ್ ಹೀಗೇ ಮುಗಿಯುತ್ತದೆ. ಮೇಲಾಗಿ ಆ ಹಂತಗಳಲ್ಲಿ ಧ್ಯಾನಕ್ಕೆ ಕೂತರೆ ಪ್ರಾಣವೂ ತುಂಬಿಬಿಡುತ್ತದೆ. ವಿಚರ್‌ನ ಕಾಳಗ ಸಪ್ಪೆ ಎನ್ನುವವರಲ್ಲಿ ಬಹುಪಾಲು ಜನ ಆಡಿರುವುದು ಹೀಗೆ.

ಆದ್ದರಿಂದ ಶುರುವಿನಲ್ಲೇ ಮೂರನೆಯ ಹಂತ 'ಬ್ಲಡ್ ಆಂಡ್ ಬ್ರೋಕನ್ ಬೋನ್ಸ್' ಆರಿಸಿ. ಅಲ್ಲಿ ಧ್ಯಾನದಿಂದ ಪ್ರಾಣ ವಾಪಸು ಬರುವುದಿಲ್ಲ. ಊಟ ಬೇಕು, ಸ್ವಾಲೋ ಕಷಾಯ ಬೇಕು. ಆಗ ವೈರಿಯ ಬಗ್ಗೆ ಓದಿಕೊಂಡು ಹೋಗುವುದಕ್ಕೆ ಅರ್ಥ ಬರುತ್ತದೆ. ಮೊದಲ ಪ್ರದೇಶ ವೈಟ್ ಆರ್ಚರ್ಡ್‌ನಲ್ಲೇ ಪಾಳುಬಿದ್ದ ಹಳ್ಳಿಯ ಬಾವಿಗೆ ಅಂಟಿಕೊಂಡ ಹೆಣ್ಣುದೆವ್ವದ ಕೆಲಸ ಸಿಗುತ್ತದೆ. ಬರೀ ಕತ್ತಿ ಹಿಡಿದು ನುಗ್ಗಿದರೆ ಏಟು ಸರಿಯಾಗಿ ತಗಲುವುದಿಲ್ಲ, ಏಕೆಂದರೆ ಆ ದೆವ್ವಕ್ಕೆ ಗಟ್ಟಿ ಮೈಯೇ ಇಲ್ಲ. ಯರ್ಡೆನ್ ವೃತ್ತ ಹಾಕಿ ಅದರೊಳಕ್ಕೆ ಬರುವ ತನಕ ಕಾದರೆ ಮೈ ಗಟ್ಟಿಯಾಗುತ್ತದೆ, ಆಗ ಹೊಡೆಯಬೇಕು. ಕತ್ತಿಗೆ ಪ್ರೇತದ ಎಣ್ಣೆ ಹಚ್ಚಿದ್ದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಈ ಗೇಮಿನ ಕಾಳಗದ ರುಚಿ ಇರುವುದು ಈ ತಯಾರಿಯಲ್ಲಿ. ಕತ್ತಿ ಬೀಸುವ ಆ ಗಳಿಗೆ ಎಲ್ಡನ್ ರಿಂಗ್‌ನ ಹತ್ತಿರಕ್ಕೂ ಬರುವುದಿಲ್ಲ.

ಹೊಸಬರು ವಿಚರ್‌ನಲ್ಲಿ ಎಡವುವ ಜಾಗಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಲೆವೆಲ್ ಏರಿದಾಗ ಸಿಗುವ ಪಾಯಿಂಟನ್ನು ಒಂದು ಕೌಶಲಕ್ಕೆ ಹಾಕಿದರಷ್ಟೇ ಸಾಲದು, ಆ ಕೌಶಲವನ್ನು ಬಲಗಡೆಯ ಖಾನೆಗೆ ಎಳೆದು ಕೂರಿಸಬೇಕು. ಕೂರಿಸದಿದ್ದರೆ ಅದು ಕೆಲಸವೇ ಮಾಡುವುದಿಲ್ಲ, ಎಷ್ಟೋ ಜನ ಹತ್ತು ಲೆವೆಲ್ ದಾಟಿದ ಮೇಲೆ ಇದನ್ನು ಗಮನಿಸುತ್ತಾರೆ. ಕೊಂದ ಜೀವಿಗಳಿಂದ ಸಿಗುವ ಮ್ಯುಟಾಜೆನ್ ಎಂಬ ವಸ್ತುವನ್ನು ಪಕ್ಕದ ಖಾನೆಯಲ್ಲಿ ಇಟ್ಟು, ಅದರ ಬಣ್ಣ ಕೌಶಲಗಳ ಬಣ್ಣಕ್ಕೆ ಹೊಂದಿದರೆ ಹೆಚ್ಚಿನ ಬಲ ಸಿಗುತ್ತದೆ. ಕಷಾಯವನ್ನು ಒಮ್ಮೆ ಮಾಡಿದರೆ ಸಾಕು, ಮುಗಿದಾಗ ಧ್ಯಾನಕ್ಕೆ ಕೂತರೆ ತಾನೇ ತುಂಬಿಕೊಳ್ಳುತ್ತದೆ. ಅದಕ್ಕೆ ಚೀಲದಲ್ಲಿ ಆಲ್ಕೊಹೆಸ್ಟ್ ಅಥವಾ ಡ್ವಾರ್ವನ್ ಸ್ಪಿರಿಟ್‌ನಂಥ ಗಟ್ಟಿ ಮದ್ಯ ಒಂದಾದರೂ ಇರಬೇಕು. ಸಾಮಾನು ಹೆಚ್ಚಾಯಿತೆಂದು ಆ ಬಾಟಲಿಗಳನ್ನೇ ಅಂಗಡಿಗೆ ಮಾರಿದರೆ ಮುಂದೆ ಕೈ ಕಟ್ಟಿದಂತೆ. ದಾರಿಯಲ್ಲಿ ಸಿಕ್ಕ ಕತ್ತಿಗಳಿಗೆಲ್ಲ ದುಡ್ಡು ಸುರಿಯಬೇಡಿ, ಎರಡು ಲೆವೆಲ್ ಕಳೆದರೆ ಅವು ಕೆಲಸಕ್ಕೆ ಬಾರವು. ನಕ್ಷೆ ಹುಡುಕಿ ಮಾಡಿಸುವ ವಿಚರ್ ಶಾಲೆಗಳ ಸಜ್ಜು ಮಾತ್ರ ಬಾಳುತ್ತದೆ. ಗ್ರಿಫಿನ್ ಸೆಟ್ 11ನೇ ಲೆವೆಲ್‌ಗೆ ಹಾಕಿಕೊಳ್ಳಬಹುದು.

ಈಗ ಎಲ್ಡನ್ ರಿಂಗ್. ಇದರಲ್ಲಿ ಪ್ರತಿ ಏಟು, ತಪ್ಪಿಸಿಕೊಳ್ಳಲು ಹೊಡೆಯುವ ಪ್ರತಿ ಉರುಳು, ಪ್ರತಿ ತಡೆ ಸ್ಟ್ಯಾಮಿನಾ ತಿನ್ನುತ್ತದೆ. ಬೀಸಿದ ಕತ್ತಿಯನ್ನು ಅರ್ಧಕ್ಕೆ ನಿಲ್ಲಿಸಲಾಗದು. ಅದರಿಂದ ಒಂದೊಂದು ಬಟನ್ ಒತ್ತುವುದೂ ಒಂದು ತೀರ್ಮಾನ. ಮೊದಲ ದೊಡ್ಡ ಬಾಸ್ ಮಾರ್ಗಿಟ್ ಇದನ್ನು ಕಲಿಸಲೆಂದೇ ಸ್ಟಾರ್ಮ್‌ವೀಲ್ ಕೋಟೆಯ ಮುಂದೆ ನಿಂತಿದ್ದಾನೆ. ಕೋಲನ್ನು ಎತ್ತಿ ಒಂದು ಕ್ಷಣ ಹಾಗೇ ಹಿಡಿದುಕೊಳ್ಳುತ್ತಾನೆ. ಎತ್ತಿದ ಕೂಡಲೇ ನೀವು ಉರುಳಿದರೆ, ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತದೆ. ಉರುಳಬೇಕಾದ್ದು ಕೈ ಕೆಳಗೆ ಬರಲು ಶುರುವಾದಾಗ, ಅದೂ ಹಿಂದಕ್ಕಲ್ಲ, ಅವನ ಪಕ್ಕಕ್ಕೆ. ಇಷ್ಟು ಕಲಿತರೆ ಮುಂದಿನ ಬಾಸ್‌ಗಳಲ್ಲಿ ಅರ್ಧ ಜನಕ್ಕೆ ಉತ್ತರ ಸಿಕ್ಕಿದ ಹಾಗೆ.

ಸೋತಾಗ ಸೋತದ್ದೇಕೆ ಎಂದು ಈ ಗೇಮ್ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕಾರಣ ಮೂರು ನಾಲ್ಕರಲ್ಲಿ ಒಂದಾಗಿರುತ್ತದೆ. ಮೈಮೇಲಿನ ಭಾರ 70 ಶೇಕಡಾ ದಾಟಿದ್ದರೆ ಉರುಳು ನಿಧಾನವಾಗುತ್ತದೆ. ಚೆಂದ ಕಾಣುತ್ತದೆಂದು ದಪ್ಪ ಕವಚ ತೊಟ್ಟವರೆಲ್ಲ ಸಾಯುವುದು ಹೀಗೆ. ಪ್ರಾಣದ ಅಳತೆಯನ್ನು ಹೆಚ್ಚಿಸುವ ವಿಗರ್ ಕಮ್ಮಿ ಇದ್ದರೆ ಎರಡೇ ಏಟಿಗೆ ಕಥೆ ಮುಗಿಯುತ್ತದೆ; ಸ್ಟಾರ್ಮ್‌ವೀಲ್‌ಗೆ ಹೋಗುವ ಹೊತ್ತಿಗೆ 20 ಇರಲಿ, ಗೇಮಿನ ನಡುಭಾಗಕ್ಕೆ 40 ಇರಲಿ. ಏಟಿಗೆ ಬಲವಿಲ್ಲ ಎನ್ನಿಸಿದರೆ ಸ್ಟ್ರೆಂತ್, ಡೆಕ್ಸ್‌ಟೆರಿಟಿಗೆ ಪಾಯಿಂಟ್ ಸುರಿಯುವ ಮೊದಲು ಆಯುಧ ಯಾವ ಮಟ್ಟದಲ್ಲಿದೆ ನೋಡಿ. ಶುರುವಿನಲ್ಲಿ ಬಲ ಬರುವುದೆಲ್ಲ ಆಯುಧಕ್ಕೆ ಸಾಣೆ ಹಿಡಿಸುವುದರಿಂದ. ಚರ್ಚ್ ಆಫ್ ಎಲ್ಲೆಯ ಅಡಿಗಲ್ಲಿನ ಬಳಿ +3ರ ತನಕ ಆಗುತ್ತದೆ, ಅಲ್ಲಿಂದ ಮುಂದಕ್ಕೆ ರೌಂಡ್‌ಟೇಬಲ್ ಹೋಲ್ಡ್‌ನ ಕಮ್ಮಾರ ಹ್ಯೂಗ್ ಬೇಕು. ಸಾಣೆಗೆ ಬೇಕಾದ ಸ್ಮಿಥಿಂಗ್ ಸ್ಟೋನ್ ಹೇರಳವಾಗಿ ಸಿಗುವುದು ಗಣಿಗಳಲ್ಲಿ. ಮ್ಯಾಪ್‌ನಲ್ಲಿ ಕಿತ್ತಳೆ ಅಂಚಿನ ಕಪ್ಪು ಗುಂಡಿಯಂತೆ ಕಾಣುವುದೇ ಗಣಿ.

ಮಾರ್ಗಿಟ್ ಇನ್ನೂ ಬಗ್ಗದಿದ್ದರೆ ತಲೆ ಚಚ್ಚಿಕೊಂಡು ಅಲ್ಲೇ ಕೂರಬೇಡಿ. ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾಕ್ಕೆ ಹೋಗಿ. ಅಲ್ಲಿನ ಚರ್ಚುಗಳಲ್ಲಿ ಸಿಗುವ ಸೇಕ್ರೆಡ್ ಟಿಯರ್‌ನಿಂದ ಪ್ರಾಣ ತುಂಬಿಸುವ ಸೀಸೆಯ ಒಂದೊಂದು ಗುಟುಕಿನ ಬಲ ಹೆಚ್ಚುತ್ತದೆ; ಹೊಳೆಯುವ ಪುಟ್ಟ ಮರಗಳ ಬುಡದ ಗೋಲ್ಡನ್ ಸೀಡ್‌ನಿಂದ ಗುಟುಕುಗಳ ಸಂಖ್ಯೆ ಹೆಚ್ಚುತ್ತದೆ. ಬೇಕಿದ್ದರೆ ಮಾರ್ಗಿಟ್‌ನ ಮಂಜಿನ ಬಾಗಿಲ ಹತ್ತಿರದ ಹೊಂಬಣ್ಣದ ಗುರುತನ್ನು ಮುಟ್ಟಿ, ರೋಜಿಯರ್ ಎಂಬ ಮಾಂತ್ರಿಕ ಜೊತೆಗೆ ಬಂದು ಕಾದುತ್ತಾನೆ. ಇದನ್ನು ಮೋಸ ಎನ್ನುವವರು ಸಿಗುತ್ತಾರೆ, ಬಹುಶಃ ನಿಮ್ಮ ತಮ್ಮನೂ ಅನ್ನಬಹುದು. ಗೇಮ್ ಮಾಡಿದವರೇ ಇಟ್ಟ ಸಹಾಯ ಅದು, ಸಂಕೋಚ ಬೇಡ.

ಮೊದಲ ದಿನವೇ ಎಡವುವ ಜಾಗ ಇನ್ನೆರಡು ಇವೆ. ಹೊರಗೆ ಕಾಲಿಟ್ಟ ಕೂಡಲೇ ಕಾಣುವ ಚಿನ್ನದ ಕವಚದ ಕುದುರೆ ಸವಾರ ಟ್ರೀ ಸೆಂಟಿನೆಲ್ ನಿಮ್ಮ ಮಟ್ಟದವನಲ್ಲ. ಸುತ್ತು ಹಾಕಿ ಹೋಗಿ. ಅಗೀಲ್ ಕೆರೆಯ ಬಳಿಯ ಡ್ರ್ಯಾಗನ್-ಬರ್ನ್ಟ್ ಅವಶೇಷಗಳ ನೆಲಮಾಳಿಗೆಯಲ್ಲಿರುವ ಪೆಟ್ಟಿಗೆ ತೆಗೆದರೆ ಹೊಗೆ ಕವಿದು ದೂರದ ಕೇಲಿಡ್‌ನ ಗಣಿಯೊಂದಕ್ಕೆ ಎತ್ತಿ ಹಾಕುತ್ತದೆ. ಗಾಬರಿಯಾಗಿ ಹೊಸದಾಗಿ ಶುರುಮಾಡುವವರಿದ್ದಾರೆ. ಬೇಕಿಲ್ಲ, ಯಾರ ಜೊತೆಗೂ ಜಗಳಕ್ಕೆ ನಿಲ್ಲದೆ ಓಡಿ ಗಣಿಯ ಆಚೆ ಬನ್ನಿ, ಅಲ್ಲಿಂದ ಮ್ಯಾಪ್ ಮೂಲಕ ವಾಪಸಾಗಬಹುದು.

ಊರು ಸುತ್ತುವ ವಿಷಯಕ್ಕೆ ಬಂದರೂ ಎಲ್ಡನ್ ರಿಂಗ್ ಮೇಲು. ಮೈಸೂರಿನಲ್ಲಿ ಯಾವ ಬಡಾವಣೆಯಲ್ಲಿ ದಾರಿ ತಪ್ಪಿದರೂ ಚಾಮುಂಡಿ ಬೆಟ್ಟ ಯಾವ ಕಡೆ ಎಂದು ನೋಡಿ ದಿಕ್ಕು ಹಿಡಿಯುತ್ತೇವಲ್ಲ, ಈ ಗೇಮಿನಲ್ಲಿ ಎರ್ಡ್‌ಟ್ರೀ ಎಂಬ ಚಿನ್ನದ ಮರ ಹಾಗೆ. ನೆಲದ ಮೇಲೆ ಬಹುತೇಕ ಎಲ್ಲಿ ನಿಂತರೂ ಕಾಣುತ್ತದೆ. ಕೂತು ಸುಧಾರಿಸಿಕೊಳ್ಳುವ ಗ್ರೇಸ್ ಎಂಬ ಜಾಗಗಳಿಂದ ಹೊರಡುವ ಬೆಳಕಿನ ಎಳೆ ಮುಂದಿನ ದಾರಿಯನ್ನು ಸೂಚಿಸುತ್ತದೆ, ಬಲವಂತ ಮಾಡುವುದಿಲ್ಲ. ಮ್ಯಾಪ್ ಶುರುವಿನಲ್ಲಿ ಬೂದು ಬಣ್ಣ. ಅದರ ಮೇಲೆ ಸಣ್ಣ ಕಲ್ಲುಕಂಬದ ಗುರುತು ಎಲ್ಲಿದೆಯೋ ಅಲ್ಲಿಗೆ ಹೋದರೆ ಆ ಭಾಗದ ಮ್ಯಾಪ್ ತುಣುಕು ಸಿಗುತ್ತದೆ. ಮಿಕ್ಕಿದ್ದು ನಿಮ್ಮ ಕಣ್ಣಿಗೆ ಬಿಟ್ಟದ್ದು. ವಿಚರ್‌ನಲ್ಲಿ ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆ. ಒಂದೊಂದನ್ನೂ ಅಳಿಸುತ್ತ ಹೋಗುವುದು ಗುಮಾಸ್ತನ ಕೆಲಸ. ಸ್ಕೆಲಿಗೆ ಎಂಬ ದ್ವೀಪಗಳ ಸಮುದ್ರದಲ್ಲಿ ತೇಲುವ ಕಳ್ಳಸಾಗಣೆ ಪೆಟ್ಟಿಗೆಗಳನ್ನು ಪೂರ್ತಿ ಬಿಟ್ಟುಬಿಡಿ, ಏನೂ ನಷ್ಟವಿಲ್ಲ. ಮ್ಯಾಪ್ ಸೆಟ್ಟಿಂಗ್‌ನಲ್ಲಿ ಆ ಚಿಹ್ನೆಗಳನ್ನು ಮುಚ್ಚಿಟ್ಟು ಆಡಿದರೆ ಅದೇ ಊರು ಬೇರೆಯಾಗಿ ಕಾಣುತ್ತದೆ.

ಇಷ್ಟಾದ ಮೇಲೂ ವಿಚರ್ 3ಕ್ಕೆ ಏಕೆ ಇಷ್ಟು ಹೆಸರು? ನಿಮ್ಮ ತಮ್ಮ 'ಸಿನಿಮಾ' ಎಂದು ತಳ್ಳಿಹಾಕಿದ ಭಾಗಕ್ಕೇ. ಸಿನಿಮಾದಲ್ಲಿ ನೋಡುವವನ ಮೇಲೆ ಹೊಣೆ ಬೀಳುವುದಿಲ್ಲ, ಇಲ್ಲಿ ಬೀಳುತ್ತದೆ. ವೆಲೆನ್ ಎಂಬ ಯುದ್ಧದಲ್ಲಿ ಬೆಂದ ಜೌಗು ನಾಡಿನಲ್ಲಿ ಬ್ಲಡಿ ಬ್ಯಾರನ್‌ನ ಕಥೆ ಬರುತ್ತದೆ. ಕುಡುಕ, ಹೆಂಡತಿಯನ್ನು ಹೊಡೆದವನು, ಮನೆಯವರು ಓಡಿಹೋಗಿದ್ದಾರೆ, ಹುಡುಕಿಕೊಡು ಎನ್ನುತ್ತಾನೆ. ಅದೇ ಹೊತ್ತಿನಲ್ಲಿ ಬೇರೊಂದು ಕೆಲಸವಾಗಿ, ಗುಡ್ಡದ ಮರವೊಂದರ ಬುಡದಲ್ಲಿ ಸಿಕ್ಕಿಕೊಂಡ ಜೀವವನ್ನು ಬಿಡಬೇಕೋ ಕೊಲ್ಲಬೇಕೋ ಎಂಬ ಪ್ರಶ್ನೆ ಎದುರಾಗುತ್ತದೆ. ಎರಡೂ ಬೇರೆ ಬೇರೆ ಸಂಗತಿ ಎಂದುಕೊಂಡು ಒಂದನ್ನು ಆರಿಸುತ್ತೀರಿ. ಫಲ ಕಾಣುವುದು ಗಂಟೆಗಳಾದ ಮೇಲೆ, ಬ್ಯಾರನ್‌ನ ಮನೆಯವರ ಪಾಡಿನಲ್ಲಿ. ಅಷ್ಟು ಹೊತ್ತಿಗೆ ಹಳೆಯ ಸೇವ್‌ಗೆ ವಾಪಸು ಹೋಗುವ ಮನಸ್ಸು ಇರುವುದಿಲ್ಲ, ಮಾಡಿದವರ ಜಾಣತನ ಇರುವುದೇ ಅಲ್ಲಿ. ಎರಡು ದಾರಿಯಲ್ಲೂ ಯಾರಾದರೂ ಬಲಿಯಾಗುತ್ತಾರೆ. ಒಳ್ಳೆಯ ಉತ್ತರ ಯಾವುದೆಂದು ಯೂಟ್ಯೂಬ್‌ನಲ್ಲಿ ಹುಡುಕಬೇಡಿ, ಅಲ್ಲಿ ಅದು ಇಲ್ಲ.

ಕೊನೆಯ ಭಾಗವೂ ಹಾಗೆಯೇ. ಸಿರಿ ಎಂಬ ಹುಡುಗಿಯ ಗತಿ ಏನಾಗುತ್ತದೆ ಎಂಬುದು ದೊಡ್ಡ ಯುದ್ಧದ ತೀರ್ಮಾನಗಳ ಮೇಲೆ ನಿಂತಿಲ್ಲ. ಅವಳ ಜೊತೆ ನಾಲ್ಕಾರು ಸಣ್ಣ ಸಂದರ್ಭಗಳಲ್ಲಿ ನೀವು ಹೇಗೆ ನಡೆದುಕೊಂಡಿರಿ, ಅವಳನ್ನು ನಂಬಿ ಬಿಟ್ಟಿರೋ ಕಟ್ಟಿಹಾಕಿದಿರೋ ಎಂಬುದರ ಮೇಲೆ ನಿಂತಿದೆ. ಆ ಕ್ಷಣಗಳು ಪರೀಕ್ಷೆ ಎಂದು ಗೊತ್ತೇ ಆಗದಂತೆ ಬಂದು ಹೋಗುತ್ತವೆ. ಪಾತ್ರವೊಂದನ್ನು ಹೊತ್ತು ಬಾಳುವುದೇ ರೋಲ್-ಪ್ಲೇಯಿಂಗ್ ಎನ್ನುವುದಾದರೆ ಈ ವಿಷಯದಲ್ಲಿ ಎಲ್ಡನ್ ರಿಂಗ್ ಇದರ ಎದುರು ನಿಲ್ಲದು.

ಎಲ್ಡನ್ ರಿಂಗ್‌ನಲ್ಲೂ ಕಥೆ ಇದೆ. ಅದರ ಹಿಂದಿನ ಪುರಾಣವನ್ನು ಬರೆಯಲು ಜಾರ್ಜ್ ಆರ್. ಆರ್. ಮಾರ್ಟಿನ್ ಕೈಜೋಡಿಸಿದ್ದಾರೆ. ಆದರೆ ಅದನ್ನು ವಸ್ತುಗಳ ವಿವರಣೆಯಿಂದ, ಗೋಡೆಯ ಶಿಲ್ಪದಿಂದ, ಅರ್ಧ ಮಾತಾಡಿ ಮಾಯವಾಗುವ ಜನರಿಂದ ಹೆಕ್ಕಿಕೊಳ್ಳಬೇಕು. ಯಾರು ಏನು ಕೆಲಸ ಹೇಳಿದರು ಎಂದು ಬರೆದಿಡುವ ಪುಸ್ತಕ ಗೇಮಿನಲ್ಲಿ ಇಲ್ಲ. ಎರಡು ವಾರ ಪರೀಕ್ಷೆಗೆಂದು ಬಿಟ್ಟು ವಾಪಸು ಬಂದರೆ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಯಾರೂ ಹೇಳುವುದಿಲ್ಲ. ಕೈಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇನ್ನೊಂದು ಕೊರತೆಯನ್ನು ಅದರ ಅಭಿಮಾನಿಗಳು ಮುಚ್ಚಿಡುತ್ತಾರೆ: ನೆಲಮಾಳಿಗೆ ಸಮಾಧಿಗಳಲ್ಲಿ ಅದೇ ಬಾಸ್‌ಗಳು ಮತ್ತೆ ಮತ್ತೆ ಬರುತ್ತಾರೆ, ಹಿಮದ ಬೆಟ್ಟಗಳ ಕಡೆಯ ಕೊನೆಯ ಕಾಲುಭಾಗದಲ್ಲಿ ವೈರಿಗಳ ಏಟು ಒಮ್ಮೆಲೇ ವಿಪರೀತವಾಗುತ್ತದೆ.

ಕನ್ನಡ ಸಬ್‌ಟೈಟಲ್ ಎರಡರಲ್ಲೂ ಇಲ್ಲ. ವಿಚರ್‌ನಲ್ಲಿ ಮಾತು ಬಹಳ, ಇಂಗ್ಲಿಷ್ ಓದುವ ವೇಗ ಕಮ್ಮಿ ಇದ್ದರೆ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಳ್ಳಿ. 2022ರ ಡಿಸೆಂಬರ್ ಅಪ್‌ಡೇಟ್ ಬಂದ ಮೇಲೆ ಕಟ್‌ಸೀನ್‌ಗಳನ್ನು ನಿಲ್ಲಿಸಿ ಓದಿಕೊಳ್ಳಬಹುದು.

ಇನ್ನು ನಿಮ್ಮ ಲ್ಯಾಪ್‌ಟಾಪ್. ಎಲ್ಡನ್ ರಿಂಗ್‌ಗೆ ಕನಿಷ್ಠವೆಂದು ಕೇಳುವುದು 12 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಕಾರ್ಡ್. ನಿಮ್ಮ 1650 ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ಸೆಟ್ಟಿಂಗ್ ಇಳಿಸಿಕೊಂಡರೆ ಕಾರ್ಡ್ ಹೇಗೋ ಎಳೆಯುತ್ತದೆ. ತೊಂದರೆ ಕೊಡುವುದು 8 ಜಿಬಿ ರ್‍ಯಾಮ್. ವಿಂಡೋಸ್ ತನ್ನ ಪಾಲು ತಿಂದ ಮೇಲೆ ಮಿಕ್ಕಿದ್ದು ಸಾಲದೆ ಗೇಮ್ ಡಿಸ್ಕ್‌ನಿಂದ ಎಳೆದುಕೊಳ್ಳಲು ಹೋಗುತ್ತದೆ, ಆಗ ಚಿತ್ರ ಅರ್ಧ ಸೆಕೆಂಡು ಕಚ್ಚಿಕೊಂಡು ನಿಲ್ಲುತ್ತದೆ. ವಿಚರ್‌ನಲ್ಲಿ ಹಾಗಾದರೆ ಸಿಟ್ಟು ಬರುತ್ತದೆ ಅಷ್ಟೆ. ಎಲ್ಡನ್ ರಿಂಗ್‌ನಲ್ಲಿ ಆ ಅರ್ಧ ಸೆಕೆಂಡೇ ಉರುಳಬೇಕಾದ ಗಳಿಗೆ. ಕಾಳಗವೇ ಜೀವಾಳವಾದ ಗೇಮನ್ನು ಕಚ್ಚುವ ಯಂತ್ರದಲ್ಲಿ ಆಡಿ ಅದನ್ನು ಕೆಟ್ಟದ್ದೆಂದು ತೀರ್ಮಾನಿಸುವುದು ಬೇಡ.

ವಿಚರ್ 3 ನಿಮ್ಮಲ್ಲಿ ಚೆನ್ನಾಗಿ ಓಡುತ್ತದೆ, ಒಂದು ಷರತ್ತಿನ ಮೇಲೆ. ಶುರುಮಾಡುವಾಗ ಡೈರೆಕ್ಟ್‌ಎಕ್ಸ್ 12 ಬೇಕೋ 11 ಬೇಕೋ ಎಂದು ಕೇಳುತ್ತದೆ, 11 ಆರಿಸಿ. 12ರಲ್ಲಿ ಇರುವ ರೇ ಟ್ರೇಸಿಂಗ್ (ಬೆಳಕು-ನೆರಳಿನ ನೈಜ ಲೆಕ್ಕ) ಈ ಕಾರ್ಡಿನ ಕೈಲಾಗದ ಕೆಲಸ, ಬರೀ ಭಾರ ಹೆಚ್ಚುತ್ತದೆ. ಕೂದಲನ್ನು ನೈಜವಾಗಿ ತೋರಿಸುವ ಹೇರ್‌ವರ್ಕ್ಸ್ ಆಫ್ ಮಾಡಿ, ಗಿಡಮರಗಳು ಕಾಣುವ ದೂರವನ್ನು ಮೀಡಿಯಂಗೆ ಇಳಿಸಿ, ನೆರಳು ಮೀಡಿಯಂ, ಟೆಕ್ಸ್‌ಚರ್ ಹೈ ಇದ್ದರೂ ನಡೆಯುತ್ತದೆ. ಚಾರ್ಜರ್ ಚುಚ್ಚಿಯೇ ಆಡಿ. ಬ್ಯಾಟರಿಯಲ್ಲಿ ಕಾರ್ಡ್ ತನ್ನ ಪೂರ್ತಿ ಬಲ ತೋರುವುದಿಲ್ಲ. ಕೊಳ್ಳುವಾಗ ಎರಡು ಹೆಚ್ಚುವರಿ ಭಾಗಗಳೂ, 'ಹಾರ್ಟ್ಸ್ ಆಫ್ ಸ್ಟೋನ್' ಮತ್ತು 'ಬ್ಲಡ್ ಆಂಡ್ ವೈನ್', ಸೇರಿರುವ ಕಂಪ್ಲೀಟ್ ಎಡಿಷನ್ನೇ ತೆಗೆದುಕೊಳ್ಳಿ. ಹಳೆಯ ಗೇಮ್ ಆದ್ದರಿಂದ ಸ್ಟೀಮ್ ಸೇಲ್‌ಗಳಲ್ಲಿ ಬಹಳ ಅಗ್ಗಕ್ಕೆ ಬರುತ್ತದೆ, ಒಂದು ಸೇಲ್ ಕಾಯುವುದರಲ್ಲಿ ನಷ್ಟವಿಲ್ಲ.

ಉಳಿದ ದುಡ್ಡಿನಲ್ಲಿ ಇನ್ನೊಂದು 8 ಜಿಬಿ ರ್‍ಯಾಮ್ ಕಡ್ಡಿ ಹಾಕಿಸಿ. ಹಾಕಿಸುವ ಮೊದಲು ಎರಡನೆಯ ಸ್ಲಾಟ್ ಖಾಲಿ ಇದೆಯೇ, ಈಗಿರುವ ಕಡ್ಡಿ ಡಿಡಿಆರ್4ಓ ಬೇರೆಯೋ, ಅದರ ವೇಗ ಎಷ್ಟು ಎಂದು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಮತ್ತು ಲ್ಯಾಪ್‌ಟಾಪ್ ಮಾದರಿಯ ವಿವರದಲ್ಲಿ ನೋಡಿ ಬರೆದುಕೊಂಡು ಅಂಗಡಿಗೆ ಹೋಗಿ. ಎರಡು ಕಡ್ಡಿಯಾದರೆ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಒಟ್ಟಿಗೆ, ಓಡಿ ವಿಚರ್‌ಗೂ ಲಾಭ. ಆಮೇಲೆ ಎಲ್ಡನ್ ರಿಂಗ್ ತೆಗೆದುಕೊಳ್ಳಿ. ಟೆಕ್ಸ್‌ಚರ್ ಮೀಡಿಯಂ, ಹುಲ್ಲು, ನೆರಳು ಮತ್ತು ವಾಲ್ಯುಮೆಟ್ರಿಕ್ (ಮಂಜು, ಬೆಳಕಿನ ಕಿರಣ) ಲೋ ಇಡಿ. ಗೇಮಿನ ಮಿತಿಯೇ ಸೆಕೆಂಡಿಗೆ 60 ಫ್ರೇಮ್. ನಿಮ್ಮಲ್ಲಿ ಅದು ನಿಲ್ಲುವುದಿಲ್ಲ. ಏರುತ್ತ ಇಳಿಯುತ್ತ ಇರುವುದಕ್ಕಿಂತ ನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 45ಕ್ಕೆ ಕಟ್ಟಿಹಾಕಿದರೆ ಕೈಗೆ ಹಿಡಿತ ಸಿಗುತ್ತದೆ. ಕೀಬೋರ್ಡ್‌ನಲ್ಲಿ ಆಡಬಹುದು, ಆದರೆ ಒಂದು ಸಾಧಾರಣ ಕಂಟ್ರೋಲರ್ ಇದ್ದರೆ ಕಲಿಕೆ ಸಲೀಸು. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸು ಕೇಳಬಹುದು. ಆದ್ದರಿಂದ ಪಾತ್ರದ ಮೂಗು ತಿದ್ದುತ್ತ ಹೊತ್ತು ಕಳೆಯಬೇಡಿ. ಬೇಗ ಹೊರಗೆ ಬಂದು, ಗೇಟ್‌ಫ್ರಂಟ್‌ನಲ್ಲಿ ಕುದುರೆ ಪಡೆದು ಅಗೀಲ್ ಕೆರೆಯ ಸುತ್ತ ಜೋರಾಗಿ ಓಡಿಸಿ ನೋಡಿ. ಅಲ್ಲಿ ವಿಪರೀತ ಕಚ್ಚಿದರೆ ಮುಂದೆಯೂ ಕಚ್ಚುತ್ತದೆ, ವಾಪಸು ಮಾಡಿ. ಮೊದಲ ಅರ್ಧ ಗಂಟೆಯ ಸಣ್ಣ ಪುಟ್ಟ ತಡೆಗೆ ಹೆದರಬೇಡಿ.

ಇಬ್ಬರೂ ಒಂದೇ ಯಂತ್ರದಲ್ಲಿ ಆಡುವುದರಿಂದ ಸೇವ್‌ಗಳ ವಿಷಯ ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಎಲ್ಡನ್ ರಿಂಗ್‌ನಲ್ಲಿ 10 ಪಾತ್ರಗಳಿಗೆ ಜಾಗವಿದೆ, ಒಬ್ಬೊಬ್ಬರಿಗೆ ಒಂದೊಂದು. ಒಬ್ಬರದು ಇನ್ನೊಬ್ಬರದರ ಮೇಲೆ ಬರೆಯುವುದಿಲ್ಲ. ಆದರೆ ಎಲ್ಲವೂ ಆಪ್‌ಡೇಟಾದ ರೋಮಿಂಗ್ ಒಳಗಿನ ಎಲ್ಡನ್ ರಿಂಗ್ ಫೋಲ್ಡರಿನ ಒಂದೇ ಫೈಲಿನಲ್ಲಿ ಇರುತ್ತವೆ; ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟು ಬರೆಯುವ ಹೊತ್ತಿನಲ್ಲಿ ಯಂತ್ರ ಆರಿದರೆ ಇಬ್ಬರದೂ ಹೋದೀತು. ವಾರಕ್ಕೊಮ್ಮೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ವಿಚರ್‌ನಲ್ಲಿ ಇಬ್ಬರ ಸೇವ್‌ಗಳೂ ಒಂದೇ ಪಟ್ಟಿಯಲ್ಲಿ ಕಲೆಸಿಕೊಳ್ಳುತ್ತವೆ, ಆಟೋಸೇವ್ ಯಾರದ್ದನ್ನಾದರೂ ಅಳಿಸಿ ತನ್ನದನ್ನು ಬರೆದುಬಿಡುತ್ತದೆ. ಏಳುವ ಮುನ್ನ ಮೆನುವಿನಿಂದ ಕೈಯಾರೆ ಹೊಸ ಸೇವ್ ಮಾಡುವ ಅಭ್ಯಾಸ ಇಬ್ಬರಿಗೂ ಇರಲಿ. ಕಾಳಗದ ನಡುವೆ ವಿಚರ್ ಸೇವ್ ಮಾಡಲು ಬಿಡುವುದಿಲ್ಲ, ಆದ್ದರಿಂದ ಲ್ಯಾಪ್‌ಟಾಪ್ ತಮ್ಮನಿಗೆ ಬಿಟ್ಟುಕೊಡುವ ಹೊತ್ತಾಗುವ ಮುಂಚೆಯೇ ಒಮ್ಮೆ ಮಾಡಿಟ್ಟುಕೊಳ್ಳಿ.